ಠಾಣೆಯ ಬಾಗಿಲಲ್ಲಿ ಕ್ರೈಸ್ತನ ಕರ್ತವ್ಯ

(ಮಡಕಶಿರದಲ್ಲಿ ಎಸ್ಟೇಟು ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಉಪದೇಶಿಯೊಬ್ಬರು ಮಾಡಿದ ಭಾಷಣ)



ಕಾಫಿ ಕೊಯ್ಲು ಮುಗಿಸಿ ಘಟ್ಟದಿಂದ ಊರಿಗೆ ಬಂದಿದ್ದೀರಿ. ಈ ಸಂಜೆ ಕೂಲಿಯ ಲೆಕ್ಕ ಬಿಟ್ಟು ಬೇರೊಂದು ಮಾತು ಎತ್ತುತ್ತೇನೆ. ರಾಜಕೀಯ ಮುಖಂಡರನ್ನೂ ಪೊಲೀಸರನ್ನೂ ಕ್ರೈಸ್ತನು ಹೇಗೆ ಕಾಣಬೇಕು? ಅಧಿಕಾರ ದೇವರು ಕೊಟ್ಟದ್ದು, ನಾವು ಬಾಯಿ ಮುಚ್ಚಿಕೊಂಡಿರಬೇಕು ಎಂದು ಕೆಲವರು ಹೇಳುತ್ತಾರೆ. ಪೊಲೀಸರು ಧಣಿಗಳ ಕಡೆಯವರು, ಅವರ ನೆರಳೂ ಬೇಡ ಎಂದು ಇನ್ನು ಕೆಲವರು ಹೇಳುತ್ತಾರೆ. ಎರಡರಲ್ಲೂ ಅರ್ಧ ಸತ್ಯವೇ ಇದೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ನಮ್ಮ ಕೇರಿಯ ಹುಡುಗನೊಬ್ಬ ಜಗಳದಲ್ಲಿ ಒಬ್ಬ ಕೂಲಿ ಹೆಂಗಸಿನ ಕೈ ಮುರಿದ. ಅವನನ್ನು ಠಾಣೆಗೆ ಕರೆದೊಯ್ದರು. ಅವನ ತಾಯಿ ಅಳುತ್ತಾ ನನ್ನ ಮನೆಗೆ ಬಂದಳು. ನಾನು ಅವಳನ್ನು ಒಬ್ಬ ಮುಖಂಡರ ಹತ್ತಿರ ಕರೆದುಕೊಂಡು ಹೋದೆ. ಅವರು ಒಂದು ಫೋನು ಮಾಡಿದರು. ಸಂಜೆಗೆ ಹುಡುಗ ಮನೆಯಲ್ಲಿದ್ದ. ಕೇರಿಯವರೆಲ್ಲ ನನ್ನನ್ನು ಹೊಗಳಿದರು.

ಆದರೆ ಆ ಹೆಂಗಸಿನ ದೂರನ್ನು ಯಾರೂ ಬರೆದುಕೊಳ್ಳಲಿಲ್ಲ. ಮುಂದಿನ ಭಾನುವಾರ ಆಕೆ ಕೈಗೆ ಕಟ್ಟು ಹಾಕಿಸಿಕೊಂಡು ದೇವಾಲಯದಲ್ಲಿ ನನ್ನ ಎದುರಿಗೇ ಕೂತಿದ್ದಳು. ಅಂದು ನೆರೆಯವರ ಪ್ರೀತಿಯ ಬಗ್ಗೆ ಉಪದೇಶ ಮಾಡಬೇಕಿತ್ತು. ನನಗೆ ಬಾಯಿ ಬರಲಿಲ್ಲ. ಚುನಾವಣೆ ಬಂದಾಗ ಆ ಮುಖಂಡರು ಇಡೀ ಕೇರಿಯ ಓಟು ಕೇಳಿದರು. ಋಣವಿತ್ತಲ್ಲ, ಕೊಟ್ಟೆವು. ನಾಳೆ ಇನ್ನೊಬ್ಬರ ಮಗ ನಮ್ಮ ಮಗಳ ಕೈ ಮುರಿದರೆ ಅದೇ ಫೋನು ಅವನ ಪರವಾಗಿಯೂ ಹೋಗುತ್ತದೆ ಎಂದು ನಾವು ಯೋಚಿಸಲಿಲ್ಲ.

ಸಂತ ಪೌಲನು ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯದಲ್ಲಿ ಅಧಿಕಾರಿಯನ್ನು ದೇವರ ಸೇವಕನೆಂದು ಕರೆದಿದ್ದಾನೆ. ಸೇವಕನಿಗೆ ಮರ್ಯಾದೆ ಸಲ್ಲಬೇಕು, ನಿಜ. ಆದರೆ ಸೇವಕನಿಗೂ ಲೆಕ್ಕ ಕೇಳುವ ಒಡೆಯನಿದ್ದಾನೆ. ಇದೇ ಪೌಲನನ್ನು ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆದು ಸೆರೆಗೆ ಹಾಕಿದರು. ಬಾಗಿಲು ತೆರೆದಾಗ ಆತ ಓಡಿಹೋಗಲಿಲ್ಲ, ಕಾವಲುಗಾರನ ಜೀವ ಉಳಿಸಿದ. ಬೆಳಿಗ್ಗೆ ಸದ್ದಿಲ್ಲದೆ ಹೋಗೆಂದಾಗ ಅದಕ್ಕೂ ಒಪ್ಪಲಿಲ್ಲ. ಅಧಿಕಾರಿಗಳೇ ಬಂದು ಬಿಡಿಸಲಿ ಎಂದ. ಸಿಪಾಯಿಗಳು ಬಂದು ನಾವೇನು ಮಾಡಬೇಕೆಂದು ಕೇಳಿದಾಗ ಸ್ನಾನಿಕ ಯೊವಾನ್ನನು ಕೆಲಸ ಬಿಡಿ ಎನ್ನಲಿಲ್ಲ. ಬೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹೊರಿಸಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂಬುದು ಆತನ ಬೋಧನೆಯ ಸಾರ.

ಹಾಗಾದರೆ ಪೊಲೀಸರಿಗೆ ನಾವು ಕೊಡುವ ಬೆಂಬಲ ಯಾವುದು? ಅವರು ಕಾನೂನಿನಂತೆ ನಡೆಯಲು ನೆರವಾಗುವುದೇ ಬೆಂಬಲ. ಕಂಡದ್ದನ್ನು ಕಂಡಂತೆ ಸಾಕ್ಷಿ ಹೇಳಬೇಕು. ನಮ್ಮವನೇ ತಪ್ಪು ಮಾಡಿದ್ದರೂ ಮುಚ್ಚಿಡಬಾರದು. ಲಂಚ ಕೊಡಬಾರದು. ಮುಖಂಡರಿಂದ ಫೋನು ಮಾಡಿಸಬಾರದು. ಆ ಫೋನಿಗೆ ಹೆದರುವ ಪೇದೆಯೂ ನಮ್ಮಂಥ ಬಡವರ ಮಗನೇ. ಮಾತು ಕೇಳದಿದ್ದರೆ ವರ್ಗವಾದೀತೆಂಬ ಭಯ ಠಾಣಾಧಿಕಾರಿಗೂ ಇದೆ. ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಅವರೇ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಠಾಣಾಧಿಕಾರಿಯನ್ನು ಕನಿಷ್ಠ 2 ವರ್ಷ ಒಂದೇ ಜಾಗದಲ್ಲಿ ಇರಗೊಡಬೇಕೆಂದೂ, ಪೊಲೀಸರ ಮೇಲಿನ ದೂರು ಕೇಳಲು ಪ್ರಾಧಿಕಾರ ಇರಬೇಕೆಂದೂ 2006ರಲ್ಲಿ ಕೋರ್ಟು ಆಜ್ಞೆ ಮಾಡಿತು.

ಇನ್ನು ನಮ್ಮ ಹಕ್ಕುಗಳನ್ನು ತಿಳಿದಿರಿ. ಬಂಧಿಸಿದವರನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೆಯ ವಿಧಿ. ಬಂಧನದ ಸುದ್ದಿಯನ್ನು ಮನೆಯವರಿಗೆ ತಿಳಿಸಬೇಕೆಂದು 1996ರ ಡಿ.ಕೆ. ಬಸು ತೀರ್ಪು ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಗಂಭೀರ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಘಟ್ಟದ ಲೈನ್ ಮನೆಯಲ್ಲಿ ಅನ್ಯಾಯವಾದರೂ ಇದು ನೆನಪಿರಲಿ.

ಬಾಯಿಮಾತಿನ ದೂರನ್ನು ಬರೆದುಕೊಂಡು ನಿಮಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಇದು ನಮಗೆ ಬಹಳ ಮುಖ್ಯ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರಕ್ಕೆ ಸೇರಿತು. ಅಲ್ಲಿಯೂ ಇಲ್ಲಿಯೂ ಮನೆಮಾತು ಕನ್ನಡ, ಠಾಣೆಯ ಕಾಗದ ತೆಲುಗು. ಓದಿಸಿ, ಅರ್ಥ ತಿಳಿದುಕೊಂಡು, ಆಮೇಲೆ ಹೆಬ್ಬೆಟ್ಟು ಒತ್ತಿರಿ. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿರಿ. ರಾಯದುರ್ಗದವರು ಅನಂತಪುರಕ್ಕೆ ಬರೆಯಬೇಕು. ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿರುವುದರಿಂದ ನಾವು ಪುಟ್ಟಪರ್ತಿಗೆ ಬರೆಯಬೇಕು. ಬರೆಯಲು ಬಾರದವರು ಸಂಘಕ್ಕೆ ಬನ್ನಿ, ಕೂತು ಬರೆದುಕೊಡುತ್ತೇನೆ.

ಮುಖಂಡರ ವಿಷಯಕ್ಕೆ ಒಂದೇ ಮಾತು. ಜನರ ನ್ಯಾಯ ತೀರಿಸಲು ಎಂಥವರನ್ನು ಆರಿಸಬೇಕೆಂದು ಮೋಶೆಗೆ ಅವನ ಮಾವ ಇತ್ರೋ ಹೇಳಿಕೊಟ್ಟ. ದೇವರಿಗೆ ಅಂಜುವವರು, ಸತ್ಯವಂತರು, ಲಂಚವನ್ನು ಹೇಸುವವರು. ಓಟಿಗೆ ನೋಟು ತೆಗೆದುಕೊಂಡ ನಾವು ಲಂಚ ಹೇಸುವವನನ್ನು ಹೇಗೆ ಆರಿಸಿಯೇವು?

ಆ ಹೆಂಗಸಿನ ಮನೆಗೆ ಹೋಗಿ ಕ್ಷಮೆ ಕೇಳಲು ನನಗೆ ಎರಡು ವರ್ಷ ಹಿಡಿಯಿತು. "ಉಪದೇಶಿಯವರೇ, ಅವತ್ತು ನೀವು ನನ್ನ ಜೊತೆಗೂ ಠಾಣೆಗೆ ಬಂದಿದ್ದರೆ ಸಾಕಿತ್ತು" ಎಂದಳು, ಅಷ್ಟೆ. ಅಂದಿನಿಂದ ಯಾರು ಕರೆದರೂ ಜೊತೆಗೆ ಹೋಗುತ್ತೇನೆ, ಮುಖಂಡರ ಮನೆಗಲ್ಲ, ಠಾಣೆಗೆ. ನೀವೂ ಹಾಗೆ ಒಬ್ಬರಿಗೊಬ್ಬರು ಹೋಗಿರಿ. ನಮ್ಮನ್ನು ಆಳುವವರಿಗಾಗಿಯೂ, ರಾತ್ರಿಯೆಲ್ಲ ಕಾವಲಿರುವ ಪೇದೆಗಳಿಗಾಗಿಯೂ, ಇಂದು ಠಾಣೆಯ ಹೊರಗೆ ಕಾದು ನಿಂತಿರುವ ಬಡವರಿಗಾಗಿಯೂ ಈಗ ಪ್ರಾರ್ಥಿಸೋಣ.