ಒಂದೇ ಕೈಯ ದುಡಿಮೆ, ನಾಲ್ಕು ಕಡೆಯ ಸಾಲ

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ನಡೆದ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ವೇದಿಕೆಯಲ್ಲಿ ಶಿಕ್ಷಕಿಯಾದವಳು ವಿದ್ಯೆಯ ಮಹತ್ವದ ಬಗ್ಗೆ ಮಾತನಾಡುವುದು ವಾಡಿಕೆ. ನಾನು ಇಂದು ಸಾಲದ ಬಗ್ಗೆ ಮಾತನಾಡುತ್ತೇನೆ. ಕಾರಣವಿದೆ. ಎಂಟನೇ ತರಗತಿಯ ಹುಡುಗನ ಹೆಸರಿನ ಮುಂದೆ ಎರಡು ವಾರ ಸಾಲಾಗಿ ಗೈರುಹಾಜರಿ ಬಿದ್ದಾಗ ನಾವು ಮನೆಗೆ ಹೋಗಿ ವಿಚಾರಿಸುತ್ತೇವೆ. "ಓದಿನಲ್ಲಿ ಮನಸ್ಸಿಲ್ಲ" ಎಂಬ ಉತ್ತರ ಅಪರೂಪ. "ಕಂತು ಕಟ್ಟಬೇಕು ಟೀಚರ್, ಗ್ಯಾರೇಜಿಗೆ ಹಾಕಿದ್ದೇನೆ" ಎಂಬುದೇ ಹೆಚ್ಚು. ಹಾಗೆ ಹೇಳುವವರಲ್ಲಿ ಬಹುಮಂದಿ ಒಬ್ಬಂಟಿಯಾಗಿ ಸಂಸಾರ ನಡೆಸುವ ತಾಯಂದಿರು. ಗಂಡ ತೀರಿಕೊಂಡವರು, ತಲಾಖ್ ಆದವರು, ಗಂಡ ಎಲ್ಲಿದ್ದಾನೆಂದೇ ತಿಳಿಯದವರು. "ಸಾಲ ಮಾಡಿಯಾದರೂ ತುಪ್ಪ ತಿನ್ನು" ಎಂದು ಹಳಬರು ಗೇಲಿ ಮಾಡುತ್ತಿದ್ದರು. ಇವರು ತುಪ್ಪಕ್ಕಾಗಿ ಸಾಲ ಮಾಡಿದವರಲ್ಲ. ಆಸ್ಪತ್ರೆಗೆ, ಮನೆಯ ಅಡ್ವಾನ್ಸಿಗೆ, ಹೊಲಿಗೆ ಯಂತ್ರಕ್ಕೆ ಮಾಡಿದವರು.

ನಾನೂ ಒಬ್ಬಳೇ ಮನೆ ನಡೆಸುವವಳು. ಆದರೆ ನನಗೆ ತಿಂಗಳ ಸಂಬಳವಿದೆ. ಆದ್ದರಿಂದ ನನ್ನ ಲೆಕ್ಕ ನಿಮಗೆ ಉಪಯೋಗಕ್ಕೆ ಬಾರದು. ಬೇರೊಂದು ಲೆಕ್ಕ ಮಾಡೋಣ. ಇದು ಯಾರ ಮನೆಯದೂ ಅಲ್ಲ, ಅನೇಕ ಮನೆಗಳನ್ನು ಹೋಲುವಂಥದ್ದು.

ಗಾರ್ಮೆಂಟ್ಸಿಗೆ ಹೋಗುವ ತಾಯಿ, ಇಬ್ಬರು ಮಕ್ಕಳು. ಕೈಗೆ ಬರುವ ಕೂಲಿ 12,000 ರೂ., ರಾತ್ರಿ ಹೊಲಿಗೆಯಿಂದ 1,500, ಒಟ್ಟು 13,500. ಬಾಡಿಗೆ 3,500, ರೇಷನ್ ಅಕ್ಕಿ ಬಿಟ್ಟು ಉಳಿದ ದಿನಸಿ ತರಕಾರಿ 3,800, ಗ್ಯಾಸ್ 500, ಮಕ್ಕಳ ಪುಸ್ತಕ ಪೆನ್ನು ಇತ್ಯಾದಿ 800, ಔಷಧಿ 500, ಫೋನಿಗೆ 300. ಇಷ್ಟಕ್ಕೆ 9,400 ಹೋಯಿತು. ಉಳಿದದ್ದು 4,100.

ಈಗ ಸಾಲ. ಮೊದಲನೆಯದು ಗುಂಪಿನ ಸಾಲ, ತಿಂಗಳಿಗೆ 2,240 ರೂ. ಕಂತು, ಇನ್ನೂ 14 ಕಂತುಗಳಿವೆ. ಎರಡನೆಯದು ಬ್ಯಾಂಕಿನಲ್ಲಿ ಒಡವೆ ಅಡವಿಟ್ಟ 40,000. ನೂರಕ್ಕೆ ಒಂದರಂತೆ ತಿಂಗಳಿಗೆ 400 ಬಡ್ಡಿ. ಮೂರನೆಯದು ಬಡ್ಡಿಗೆ ಕೊಡುವವನ 20,000. ನೂರಕ್ಕೆ ಐದು, ಅಂದರೆ ತಿಂಗಳಿಗೆ 1,000. ನಾಲ್ಕನೆಯದು ಮಾಮೂಜಾನ್ ಅವರಿಂದ ತಂದ ಕೈಸಾಲ 15,000, ಬಡ್ಡಿಯಿಲ್ಲ. ಮೊದಲ ಮೂರಕ್ಕೆ ತಿಂಗಳಿಗೆ 3,640 ಕಟ್ಟಿದರೆ ಕೈಯಲ್ಲಿ ಉಳಿಯುವುದು 460 ರೂ. ಮಗುವಿಗೊಂದು ಜ್ವರ ಬಂದರೆ ಅದೂ ಇಲ್ಲ.

ಇಲ್ಲಿ ಒಂದು ವಿಷಯ ಗಮನಿಸಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಕಿರುಸಾಲ ಕೊಡುವಾಗ, ಆ ಕುಟುಂಬದ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಮ್ಮ ಈ ತಾಯಿಯ ಆದಾಯದ ಅರ್ಧ 6,750. ಅಂದರೆ ಸಾಲ ಕೊಡುವವರ ಕಣ್ಣಿಗೆ ಈಕೆ ಇನ್ನೂ 3,000 ರೂ. ಕಂತು ಹೊರಬಲ್ಲಳು! ಆದರೆ ಊಟ ಬಾಡಿಗೆ ಕಳೆದ ಮೇಲೆ ಆಕೆಯಲ್ಲಿದ್ದದ್ದೇ 4,100. ದುಡಿಯುವ ಕೈ ಒಂದೇ ಇರುವ ಮನೆಯಲ್ಲಿ ಆ ಕೈಗೆ ಕಾಯಿಲೆ ಬಂದರೆ ಬದಲಿಗೆ ಇನ್ನೊಂದಿಲ್ಲ. ಆದ್ದರಿಂದ "ನಿಮಗೆ ಇನ್ನೂ ಸಾಲ ಸಿಗುತ್ತೆ ಅಮ್ಮ" ಎಂದು ಯಾರಾದರೂ ಹೇಳಿದರೆ, ಅದು ಅವರ ಅಳತೆ, ನಮ್ಮದಲ್ಲ ಎಂದು ತಿಳಿಯಬೇಕು. ನಮ್ಮ ಅಳತೆ ಎಂದರೆ ಅಡುಗೆಮನೆ, ಬಾಡಿಗೆ, ಮಕ್ಕಳು ಕಳೆದು ಉಳಿದದ್ದು.

ಹಾಗಾದರೆ ಯಾರಿಗೆ ಮೊದಲು ಕೊಡಬೇಕು? ಸಾಮಾನ್ಯವಾಗಿ ನಾವು ಹೆಚ್ಚು ಕೂಗಾಡುವವರಿಗೆ ಮೊದಲು ಕೊಡುತ್ತೇವೆ. ಮನೆತನದ ಮರ್ಯಾದೆ ಹೋದೀತೆಂದು ಬಂಧುಗಳ ಕೈಸಾಲ ತೀರಿಸುತ್ತೇವೆ. ಬಡ್ಡಿಯವನು ತಿಂಗಳು ತಿಂಗಳು ಸಾವಿರ ತೆಗೆದುಕೊಂಡು ನಗುನಗುತ್ತಾ ಹೋಗುತ್ತಾನೆ, ಅವನಿಗೆ ಅಸಲಿನ ಅವಸರವಿಲ್ಲ. ವರ್ಷಕ್ಕೆ 12,000 ಕೊಟ್ಟರೂ 20,000 ಹಾಗೇ ನಿಂತಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಮೊದಲು ಮುಗಿಯಬೇಕಾದದ್ದು ಇದೇ. ಮಾಮೂಜಾನ್ ಹತ್ತಿರ ಕುಳಿತು, "ನಿಮ್ಮದು ಕೊನೆಗೆ, ಆದರೆ ಖಂಡಿತ" ಎಂದು ಹೇಳುವ ಧೈರ್ಯ ಮಾಡಬೇಕು.

ಹಳೆ ಸಾಲಕ್ಕೆ ಹೊಸ ಸಾಲ ಮಾಡಬಾರದೆಂದು ನಾವೆಲ್ಲ ಹೇಳುತ್ತೇವೆ. ಅದು ಸರಿ, ಆದರೆ ಒಂದು ಸಂದರ್ಭ ಬಿಟ್ಟು. ಚಿನ್ನದ ಬೆಲೆ ಏರಿರುವುದರಿಂದ ಅದೇ ಒಡವೆಯ ಮೇಲೆ ಇನ್ನೂ 20,000 ಸಿಗುವುದಾದರೆ, ಅದನ್ನು ತಂದು ಅದೇ ದಿನ ಬಡ್ಡಿಯವನ ಅಸಲು ತೀರಿಸಿ, ಸಹಿ ಮಾಡಿಕೊಟ್ಟ ಪ್ರೋನೋಟು ಚೆಕ್ಕುಗಳನ್ನು ವಾಪಸು ಪಡೆಯಬೇಕು. 1,000 ಬಡ್ಡಿಯ ಜಾಗದಲ್ಲಿ 200 ಆಯಿತು. ತಿಂಗಳಿಗೆ 460 ಉಳಿಯುತ್ತಿದ್ದದ್ದು 1,260 ಆಯಿತು. ಆ ಹಣವನ್ನು ತಿಂಗಳು ತಿಂಗಳು ಒಡವೆ ಸಾಲದ ಅಸಲಿಗೇ ಕಟ್ಟುತ್ತಾ ಹೋಗಿ, 14 ತಿಂಗಳಿಗೆ ಗುಂಪಿನ ಸಾಲ ಮುಗಿದ ಮೇಲೆ 4,100 ಪೂರ್ತಿ ಅದಕ್ಕೇ ಹಾಕಿದರೆ, ಒಟ್ಟು 25 ತಿಂಗಳಲ್ಲಿ ಒಡವೆ ಮನೆಗೆ ಬರುತ್ತದೆ. ಮತ್ತೆ ನಾಲ್ಕು ತಿಂಗಳಲ್ಲಿ ಮಾಮೂಜಾನ್ ಸಾಲವೂ ತೀರುತ್ತದೆ. ಕಾಗದದ ಮೇಲೆ ಎರಡೂವರೆ ವರ್ಷ. ಬದುಕು ಕಾಗದವಲ್ಲ, ಮೂರೂವರೆ ಎಂದಿಟ್ಟುಕೊಳ್ಳಿ. ಅಸಲಿಗೆ ಬಿಡಿಬಿಡಿಯಾಗಿ ಕಟ್ಟಿಸಿಕೊಳ್ಳುತ್ತಾರೋ, ಎಷ್ಟು ತಿಂಗಳಿಗೆ ನವೀಕರಿಸಬೇಕೋ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ನವೀಕರಣ ಮರೆತರೆ ಹರಾಜಿನ ನೋಟೀಸು ಬರುತ್ತದೆ. ಬಡ್ಡಿಯ ಬಗ್ಗೆ ನಮ್ಮ ಹಿರಿಯರು ಏನು ಹೇಳುತ್ತಾರೆಂದು ಇಲ್ಲಿ ಎಲ್ಲರಿಗೂ ಗೊತ್ತು. ಈಗಾಗಲೇ ತಲೆಯ ಮೇಲಿರುವುದನ್ನು ಬೇಗ ಇಳಿಸುವುದು ಹೇಗೆಂಬುದಷ್ಟೇ ಇಂದಿನ ನನ್ನ ವಿಷಯ.

ಈ ಲೆಕ್ಕದಲ್ಲಿ ಗೃಹಲಕ್ಷ್ಮಿಯ 2,000 ರೂ. ಸೇರಿಸಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. 2023ರಿಂದ ಅದು ಬರುತ್ತಿದೆ, ಆದರೆ ಇಂಥ ದಿನವೇ ಬರುತ್ತದೆಂಬ ಭರವಸೆಯಿಲ್ಲ. ದಿನ ಗೊತ್ತಿಲ್ಲದ ಹಣವನ್ನು ನಂಬಿ ದಿನ ಗೊತ್ತಿರುವ ಕಂತನ್ನು ಒಪ್ಪಿಕೊಳ್ಳಬಾರದು. ಬಂದಾಗ ಅದು ಆಪತ್ತಿನ ಡಬ್ಬಿಗೆ ಹೋಗಲಿ. ಜ್ವರ, ಸೀಟಿ ಒಡೆದ ಕುಕ್ಕರ್, ಊರಿನ ಸಾವು, ಎಲ್ಲಕ್ಕೂ ಅದೇ. ಆ ಡಬ್ಬಿ ಇಲ್ಲದಿದ್ದರೆ ಬಡ್ಡಿಯವನ ಬಾಗಿಲೇ ಗತಿ.

ಅತಿ ಅಪಾಯದ ದಿನ ಯಾವುದು ಗೊತ್ತೇ? ಕಂತು ತಪ್ಪಿದ ದಿನವಲ್ಲ, ಗುಂಪಿನ ಸಾಲ ಮುಗಿದ ದಿನ. ಅಂದೇ ಬಂದು "ಚೆನ್ನಾಗಿ ಕಟ್ಟಿದ್ದೀರಿ, ಈ ಸಲ ಇನ್ನೂ ಜಾಸ್ತಿ ಕೊಡುತ್ತೇವೆ" ಎನ್ನುತ್ತಾರೆ. ಕೈಗೆ ಬಂದ 2,240 ಅಂದೇ ಮತ್ತೆ ಹೋಗುತ್ತದೆ. ಬೇಡ ಎನ್ನಲು ಕಷ್ಟ, ಏಕೆಂದರೆ ಗುಂಪಿನ ಉಳಿದವರಿಗೆ ಬೇಕಿರುತ್ತದೆ. ತಿಂಗಳ ಮುಂಚೆಯೇ ಅವರಿಗೆ ತಿಳಿಸಿಬಿಡಿ, ಮುನಿಸು ಕಡಿಮೆಯಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಹತ್ತನೇ ತರಗತಿಯಲ್ಲಿ ಕಲಿತ ಗಣಿತವನ್ನು ಅಮ್ಮನ ಸಾಲದ ಕಾರ್ಡಿನ ಮೇಲೆ ಪ್ರಯೋಗಿಸಿ. "ಶೇಕಡಾ 12 ಮಾತ್ರ" ಎಂದು 50,000 ರೂ. ಎರಡು ವರ್ಷಕ್ಕೆ ಕೊಟ್ಟರೆ, 12,000 ಬಡ್ಡಿ ಸೇರಿಸಿ 24 ಕಂತು ಮಾಡಿ ತಿಂಗಳಿಗೆ 2,583 ಎನ್ನುತ್ತಾರೆ. ಆದರೆ ಅಸಲು ತಿಂಗಳು ತಿಂಗಳು ಕಡಿಮೆಯಾಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 50,000ಕ್ಕೇ ಹಾಕಿರುತ್ತಾರೆ. ನಿಜವಾದ ದರ ವರ್ಷಕ್ಕೆ ಶೇ. 21ನ್ನು ದಾಟುತ್ತದೆ. ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕೆಂಬ ನಿಯಮವಿದೆ. ಅಮ್ಮನಿಗೆ ಓದಲು ಬಾರದಿದ್ದರೆ ನೀವು ಓದಿಹೇಳಿ.

ಗಂಡನನ್ನು ಕಳೆದುಕೊಂಡ ತಾಯಂದಿರು ಆ ಕಾರ್ಡಿನಲ್ಲಿ ವಿಮೆಯ ಸಾಲನ್ನು ನೋಡಬೇಕು. ಅನೇಕ ಗುಂಪು ಸಾಲಗಳಲ್ಲಿ ಗಂಡನ ಹೆಸರಿಗೂ ವಿಮೆ ಹಣ ಹಿಡಿದಿರುತ್ತಾರೆ, ಆತ ತೀರಿಕೊಂಡಾಗ ಬಾಕಿ ತೀರುವಂಥದ್ದೂ ಇರುತ್ತದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಇನ್ನು ಗಂಡ ಒಬ್ಬನೇ ಮಾಡಿದ ಸಾಲ. ನೀವು ಜೊತೆಗೆ ಸಹಿ ಹಾಕಿರದಿದ್ದರೆ, ಜಾಮೀನು ನಿಂತಿರದಿದ್ದರೆ, ಆತ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ಅದರ ಹೊಣೆ. ನಿಮ್ಮ ಕೂಲಿಯಿಂದ ತೀರಿಸಬೇಕೆಂದು ಮಯ್ಯತ್ತಿನ ಮೂರನೇ ದಿನವೇ ಹೊಸ ಕಾಗದಕ್ಕೆ ಸಹಿ ಕೇಳಿದರೆ ಹಾಕಬೇಡಿ.

ಕಂತು ಕಟ್ಟಲಾಗದ ತಿಂಗಳು ಬಂದರೆ ಕಟ್ಟುವ ದಿನಕ್ಕೆ ಮುಂಚೆ ಶಾಖೆಗೆ ಹೋಗಿ, ಅವಧಿ ಹೆಚ್ಚಿಸಲು ಲಿಖಿತ ಅರ್ಜಿ ಕೊಟ್ಟು ನಕಲು ಇಟ್ಟುಕೊಳ್ಳಿ. ಮನೆಗೆ ಬೀಗ ಹಾಕಿ ತವರಿಗೆ ಹೋಗುವುದರಿಂದ ನೆರೆಯ ಹೆಂಗಸರ ಮೇಲೆ ಹೊರೆ ಬೀಳುತ್ತದೆ ಅಷ್ಟೆ. ಕಿರುಸಾಲದ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ. ದೂರಿಗೆ ರಿಸರ್ವ್ ಬ್ಯಾಂಕಿನ 14448 ಸಂಖ್ಯೆಯಿದೆ. ನೋಂದಣಿಯಿಲ್ಲದವರು ಕಿರುಕುಳ ಕೊಟ್ಟರೆ 2025ರಲ್ಲಿ ನಮ್ಮ ರಾಜ್ಯ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ.

ಕೆಲವರು "ಎಲ್ಲರೂ ಸೇರಿ ಕಟ್ಟುವುದನ್ನೇ ನಿಲ್ಲಿಸೋಣ" ಎನ್ನುತ್ತಾರೆ. 2009ರಲ್ಲಿ ಕೋಲಾರದಲ್ಲಿ ಅದು ನಡೆದಿದೆ. ಅಲ್ಲಿನ ಅಂಜುಮನ್, ಮುಸ್ಲಿಂ ಹೆಣ್ಣುಮಕ್ಕಳು ಕಿರುಸಾಲದ ಕಂತು ಕಟ್ಟಬಾರದೆಂದು ಸಾರಿತು. ರಾಮನಗರ, ಶಿಡ್ಲಘಟ್ಟ, ಮೈಸೂರಿನವರೆಗೂ ಅದರ ಬಿಸಿ ತಟ್ಟಿತು. ಒಬ್ಬಳೇ ಹೆಂಗಸಿಗೆ ನಾಲ್ಕೈದು ಕಡೆ ಸಾಲ ಕೊಟ್ಟು ಹಿಂಸಿಸುತ್ತಿದ್ದಾರೆಂಬ ದೂರಿನಲ್ಲಿ ಸತ್ಯವಿತ್ತು. ಆದರೆ ಊರು ನಿರ್ಧರಿಸಿದರೂ ಬಾಕಿ ಬರೆದಿರುವುದು ಒಬ್ಬೊಬ್ಬಳ ಹೆಸರಿನಲ್ಲಿ. ಇಂದು ಆ ದಾಖಲೆ ಕ್ರೆಡಿಟ್ ಬ್ಯೂರೋದಲ್ಲಿ ಉಳಿಯುತ್ತದೆ, ನಾಳೆ ಮಗಳ ಶಿಕ್ಷಣ ಸಾಲಕ್ಕೆ ಅಡ್ಡ ಬರಬಹುದು.

ಸಂಸ್ಥೆಯ ಹಿರಿಯರಲ್ಲಿ ಒಂದು ಅರಿಕೆ. ಜಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಇದ್ದಾರೆ. ನಾವು ರಂಜಾನಿನಲ್ಲಿ ಮನೆಗೊಂದು ದಿನಸಿ ಚೀಲ ಹಂಚುತ್ತೇವೆ, ಒಳ್ಳೆಯದೇ. ಆದರೆ ಒಬ್ಬ ತಾಯಿಯ ಮೀಟರ್ ಬಡ್ಡಿಯ 20,000 ಒಂದೇ ಸಲ ತೀರಿಸಿದರೆ, ಆ ಮನೆಗೆ ಪ್ರತಿ ತಿಂಗಳೂ ಸಾವಿರ ರೂಪಾಯಿ ಉಳಿಯುತ್ತದೆ. ಗ್ಯಾರೇಜಿಗೆ ಹೋದ ಹುಡುಗ ತರುವ ವಾರದ ಕೂಲಿ ಬೇಡವಾಗುವುದು ಆಗ. ಮನೆಯಲ್ಲಿ ನಿಭಾಯಿಸುವುದು ತೀರಾ ಕಷ್ಟವಾದರೆ ಅಲ್ಪಸಂಖ್ಯಾತರ ಇಲಾಖೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ, ಆರನೇ ತರಗತಿಯಿಂದ ಊಟ ವಸತಿ ಉಚಿತ. ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಅರ್ಜಿ ಬರೆಯಲು ನಾವು ಶಿಕ್ಷಕಿಯರಿದ್ದೇವೆ.

ಸಾಲದ ಕಾರ್ಡು, ಬ್ಯಾಂಕ್ ಪುಸ್ತಕ, ಅಡವಿನ ಚೀಟಿ ತಂದಿರುವ ತಾಯಂದಿರು ಊಟವಾದ ಮೇಲೆ ಏಳನೇ ತರಗತಿಯ ಕೋಣೆಗೆ ಬನ್ನಿ. ಹತ್ತನೇ ತರಗತಿಯ ಹುಡುಗಿಯರು ಕ್ಯಾಲ್ಕುಲೇಟರ್ ಹಿಡಿದು ಕುಳಿತಿರುತ್ತಾರೆ. ಒಬ್ಬೊಬ್ಬರದೇ ನೋಡೋಣ, ಬೇರೆಯವರಿಗೆ ಕೇಳಿಸುವುದಿಲ್ಲ. ಖುದಾ ಹಾಫಿಜ್.