ತೊದಲ್ನುಡಿಯಲ್ಲಿ ತಾರತಮ್ಯ



ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಮಡಿಲಿನಲ್ಲಿ ಬೆಳೆದ ಎರಡು ಮಕ್ಕಳಲ್ಲಿ ಒಂದು, ವರ್ಷ ತುಂಬುವಷ್ಟರಲ್ಲಿ ‘ಅಮ್ಮ’, ‘ತಾತ’ ಎಂದು ಕರೆಯತೊಡಗುವುದು. ಇನ್ನೊಂದು, ಎರಡು ವರ್ಷ ಕಳೆದರೂ ಬೆರಳು ತೋರಿಸಿಯೇ ತನಗೆ ಬೇಕಾದುದನ್ನು ಪಡೆಯುವುದು. ಇದಕ್ಕೆ ಕಾರಣ ಹೇಳುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ‘ಗಂಡುಮಕ್ಕಳು ಮಾತಿನಲ್ಲಿ ಹಿಂದೆ’ ಎನ್ನುವರು ಒಬ್ಬರು. ‘ಅದರ ಅಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟದ್ದು’ ಎನ್ನುವರು ಮತ್ತೊಬ್ಬರು. ಮನೆಯ ಹಿರಿಯರು ಬಜೆಯನ್ನು ತೇಯ್ದು ನಾಲಗೆಗೆ ಸವರುವರು. ಎಲ್ಲರ ಮಾತನ್ನೂ ಕೇಳಿಸಿಕೊಳ್ಳುವ ತಾಯಿಯಾದರೋ, ತನ್ನ ಸಾಕಣೆಯಲ್ಲಿಯೇ ಏನೋ ಲೋಪವಿರಬೇಕೆಂದು ಒಳಗೊಳಗೇ ಕೊರಗುವಳು. ಈ ತಾರತಮ್ಯದಲ್ಲಿ ಸಹಜವಾದುದು ಯಾವುದು, ಎಚ್ಚರದಿಂದ ನೋಡಬೇಕಾದುದು ಯಾವುದು ಎಂಬುದನ್ನು ವಿವೇಚಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಅಂತರದ ಅಳತೆಯನ್ನು ನೋಡೋಣ. ಅಮೆರಿಕಾ ದೇಶದಲ್ಲಿ ಫೆನ್ಸನ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 1,800ಕ್ಕೂ ಹೆಚ್ಚು ಮಕ್ಕಳ ತಾಯಿತಂದೆಗಳಿಗೆ ಪದಗಳ ಪಟ್ಟಿಯೊಂದನ್ನು ಕೊಟ್ಟು, ಕೂಸು ಆಡಬಲ್ಲ ಪದಗಳನ್ನು ಗುರುತುಮಾಡಿಸಿ, 1994ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಎರಡು ವರ್ಷದ ಮಕ್ಕಳ ಬಾಯಲ್ಲಿ ಸರಾಸರಿ ಸುಮಾರು 300 ಪದಗಳಿದ್ದುವು. ಆದರೆ ಹಿಂದುಳಿದ ಹತ್ತನೆಯ ಒಂದು ಪಾಲಿನವರು 60ನ್ನು ಕೂಡ ಮುಟ್ಟಿರಲಿಲ್ಲ. ಮುಂದಿದ್ದ ಹತ್ತನೆಯ ಒಂದು ಪಾಲಿನವರು 500ನ್ನು ದಾಟಿದ್ದರು. ಒಂದೇ ವಯಸ್ಸಿನ ಎರಡು ಮಕ್ಕಳಲ್ಲಿ ಒಂದು ಇನ್ನೊಂದರ ಎಂಟರಷ್ಟು ಎತ್ತರವಿರುವುದನ್ನು ಯಾರೂ ಕಂಡಿಲ್ಲ. ಮಾತಿನಲ್ಲಿ ಅಷ್ಟು ಅಂತರವಿರುವುದು ದಿನನಿತ್ಯದ ಸಂಗತಿ. ಹೆಣ್ಣುಮಕ್ಕಳು ಸರಾಸರಿಯಲ್ಲಿ ತುಸು ಮುಂದಿರುವುದು ನಿಜವಾದರೂ, ಇಷ್ಟು ದೊಡ್ಡ ಅಂತರದ ಮುಂದೆ ಆ ವ್ಯತ್ಯಾಸ ತೀರ ಸಣ್ಣದು.

ಹೀಗೆ ವೇಗ ಬೇರೆಯಾದರೂ, ವ್ಯಾಕರಣವನ್ನು ಕಲಿಯುವ ಕ್ರಮ ಅಷ್ಟಾಗಿ ಬೇರೆಯಾಗದೆಂಬುದು ಸೋಜಿಗದ ವಿಷಯ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ರೋಜರ್ ಬ್ರೌನ್ ಅವರು ಆಡಮ್, ಈವ್, ಸಾರಾ ಎಂಬ ಮೂರು ಮಕ್ಕಳ ಮಾತನ್ನು ತಿಂಗಳುಗಟ್ಟಲೆ ಬರೆದಿಡಿಸಿ, 1973ರಲ್ಲಿ ಗ್ರಂಥವೊಂದನ್ನು ಹೊರತಂದರು. ಈವ್ ಮುಟ್ಟಿದ ಮಟ್ಟವನ್ನು ಉಳಿದಿಬ್ಬರು ಮುಟ್ಟಿದ್ದು ಅವಳಿಗಿಂತ ಒಂದು ವರ್ಷಕ್ಕೂ ಹೆಚ್ಚಿನ ವಯಸ್ಸಿನಲ್ಲಿ. ಆದರೂ ಇಂಗ್ಲಿಷಿನ 14 ಪ್ರತ್ಯಯಾದಿಗಳನ್ನು ಮೂವರೂ ಹೆಚ್ಚುಕಡಿಮೆ ಒಂದೇ ಸರದಿಯಲ್ಲಿ ಕಲಿತರು.

ಕಲಿಕೆಯ ಬಗೆಯಲ್ಲಿಯೂ ಭೇದವುಂಟು. ಅದೇ 1973ರಲ್ಲಿ ಕ್ಯಾಥರೀನ್ ನೆಲ್ಸನ್ ಅವರು 18 ಮಕ್ಕಳ ಮೊದಲ ಐವತ್ತು ಪದಗಳನ್ನು ಪರಿಶೀಲಿಸಿದರು. ಕೆಲವು ಮಕ್ಕಳು ವಸ್ತುಗಳ ಹೆಸರುಗಳನ್ನೇ ಹೆಚ್ಚಾಗಿ ಕೂಡಿಸುವರು; ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಹಾಲು’, ‘ನಾಯಿ’, ‘ಚೆಂಡು’. ಬೇರೆ ಕೆಲವರು ಜನರೊಡನೆ ಒಡನಾಡುವ ನುಡಿಗಳನ್ನು ಮೊದಲು ಹಿಡಿಯುವರು: ‘ಬೇಡ’, ‘ಎತ್ಕೊ’, ‘ಟಾಟಾ’. ಹೆಸರುಗಳನ್ನು ಎಣಿಸುತ್ತ ಕುಳಿತ ಹಿರಿಯರಿಗೆ ಎರಡನೆಯ ಬಗೆಯ ಮಗು ಮಂದವಾಗಿ ತೋರೀತು. ವಾಸ್ತವವಾಗಿ ಅದು ಬೇರೊಂದು ದಾರಿಯನ್ನು ಹಿಡಿದಿದೆ.

ಇನ್ನು ಕಾರಣದ ಮಾತು. ಹುಟ್ಟುಗುಣವೋ, ಪರಿಸರವೋ? ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ 3,000 ಜೊತೆಗಿಂತ ಹೆಚ್ಚು ಅವಳಿ ಮಕ್ಕಳನ್ನು ಎರಡನೆಯ ವಯಸ್ಸಿನಲ್ಲಿ ಪರೀಕ್ಷಿಸಿ, 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಬೆಳಕು ನೀಡುತ್ತದೆ. ತದ್ರೂಪಿ ಅವಳಿಗಳು ಇತರ ಅವಳಿಗಳಿಗಿಂತ ಎಷ್ಟು ಹೆಚ್ಚಾಗಿ ಪರಸ್ಪರ ಹೋಲುವರೆಂಬುದರಿಂದ ಅನುವಂಶೀಯತೆಯ ಪಾಲನ್ನು ಎಣಿಸಬಹುದು. ಸಾಮಾನ್ಯವಾಗಿ ಮಕ್ಕಳ ಶಬ್ದಭಂಡಾರದ ಅಂತರದಲ್ಲಿ ಅದರ ಪಾಲು ಕಾಲುಭಾಗದಷ್ಟು. ಹೆಚ್ಚಿನದು ಮನೆಯ ವಾತಾವರಣದ್ದು. ಆದರೆ ತೀರ ಹಿಂದುಳಿದ ನೂರಕ್ಕೆ ಐದು ಮಕ್ಕಳಲ್ಲಿ ಅದು ಮುಕ್ಕಾಲು ಭಾಗದ ಸಮೀಪಕ್ಕೆ ಬಂದಿತು. ಆದ್ದರಿಂದ ‘ಅಪ್ಪನೂ ಹಾಗೆಯೇ’ ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಂತಹ ಮಗುವಿನ ತಾಯಿಯನ್ನು ದೂರುವುದು ಮಾತ್ರ ಅನ್ಯಾಯ.

ಹಾಗೆಂದು ಮನೆಯವರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ತಾಯಿ ಮಗುವಿನೊಡನೆ ಹೆಚ್ಚು ಮಾತಾಡಿದಷ್ಟೂ ಅದರ ಪದಗಳು ಬೇಗ ಬೆಳೆಯುವುವೆಂದು ಹಟನ್‌ಲಾಕರ್ ಅವರೂ ಸಂಗಡಿಗರೂ 1991ರಲ್ಲಿ ತೋರಿಸಿದರು. ತುಂಬಿದ ಮನೆಯಲ್ಲಿ ಮಾತಿಗೇನೂ ಬರವಿಲ್ಲ. ಆದರೆ ಮಗುವಿನ ಮುಖ ನೋಡಿ ಆಡಿ, ಅದರ ತೊದಲಿಗೆ ಕಾದು, ಮತ್ತೆ ಉತ್ತರ ಕೊಡುವ ಮಾತು ಎಷ್ಟು ಎಂದು ವಿಚಾರಿಸಿಕೊಳ್ಳಬೇಕು.

ನಮ್ಮ ನಗರಗಳಲ್ಲಿ ಮನೆಯೊಳಗೆ ತೆಲುಗೋ, ತಮಿಳೋ, ಉರ್ದುವೋ ಆಡಿ, ಬೀದಿಯಲ್ಲಿ ಕನ್ನಡವಾಡುವ ಸಂಸಾರಗಳು ಹೇರಳ. ಎರಡು ಭಾಷೆಗಳಿಂದ ಮಗು ಕಂಗೆಡುವುದೆಂದು ಮನೆಮಾತನ್ನು ಬಿಡಿಸುವವರುಂಟು. ಇದಕ್ಕೆ ಆಧಾರವಿಲ್ಲ. ಎರಡೂ ಭಾಷೆಗಳ ಪದಗಳನ್ನು ಕೂಡಿಸಿ ಎಣಿಸಿದರೆ ಇಂತಹ ಮಕ್ಕಳು ಏಕಭಾಷೆಯ ಮಕ್ಕಳಿಗೆ ಸರಿಸಮರಾಗಿರುವುದು ಕಂಡುಬಂದಿದೆ.

ಕಡೆಯದಾಗಿ, ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಮಾತು ತಡವಾದರೆ ನಾವು ನಾಲಗೆಯನ್ನು ನೋಡುತ್ತೇವೆ. ಮೊದಲು ನೋಡಬೇಕಾದುದು ಕಿವಿಯನ್ನು. ಕೆನಡಾ ದೇಶದಲ್ಲಿ ವರ್ಕರ್ ಮತ್ತು ಟೀಸ್ ಎಂಬವರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಯ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ತಕಾರ ಟಕಾರಗಳ ಭೇದವನ್ನು ಗುರುತಿಸಿದುವು. ವರ್ಷದ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿತು. ಹಿಂದಿಯನ್ನು ಕೇಳಿ ಬೆಳೆದವು ಅದನ್ನು ಉಳಿಸಿಕೊಂಡುವು. ಕನ್ನಡದ ‘ಕತ್ತು’, ‘ಕಟ್ಟು’ಗಳ ಭೇದವೂ ಇಂತಹುದೇ. ಅಂದರೆ, ತುಟಿಯಲ್ಲಿ ಮೊದಲ ಪದ ಮೂಡುವುದಕ್ಕೆ ಮುನ್ನವೇ ಕಿವಿ ತನ್ನ ನಾಡಿನ ನುಡಿಗೆ ಹದಗೊಳ್ಳುತ್ತಿರುತ್ತದೆ. ಕಿವಿ ಕೇಳದ ಮಗುವಿಗೆ ಈ ತಿಂಗಳುಗಳು ವ್ಯರ್ಥವಾಗುವುವು. ಅಂತಹ ಕೂಸೂ ಮೊದಲು ದನಿಗೈಯುವುದು, ನೆಲದ ಅದುರಿಗೆ ತಿರುಗಿ ನೋಡುವುದು. ಆದುದರಿಂದ ಮನೆಯವರು ಮೋಸಹೋಗುವರು. ಆರು ತಿಂಗಳೊಳಗೆ ಕಿವುಡುತನವನ್ನು ಕಂಡುಹಿಡಿದು ನೆರವಿತ್ತ ಮಕ್ಕಳು, ತಡವಾಗಿ ಗೊತ್ತಾದ ಮಕ್ಕಳಿಗಿಂತ ಭಾಷೆಯಲ್ಲಿ ಬಹಳ ಮುಂದಿದ್ದುದು 1998ರಲ್ಲಿ ಪ್ರಕಟವಾದ ಅಮೆರಿಕಾದ ಅಧ್ಯಯನವೊಂದರಿಂದ ತಿಳಿಯಿತು. ನಿದ್ರಿಸುತ್ತಿರುವ ಹಸುಗೂಸಿನ ಕೇಳ್ಮೆಯನ್ನು ಕೂಡ ಅಳೆಯುವ ಯಂತ್ರಗಳು ಇಂದು ಇವೆ. ಮೈಸೂರಿನಲ್ಲಿಯೇ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕಾರ್ಯಕ್ಕೆ ಮುಡಿಪಾಗಿದೆ.

ಎರಡು ವರ್ಷದ ಮಗು ಹೆಚ್ಚು ಆಡದಿದ್ದರೂ, ‘ಚೆಂಡು ತಾ’ ಎಂದರೆ ತರುತ್ತಿದ್ದರೆ, ಬೆರಳಿಟ್ಟು ತೋರಿಸುತ್ತಿದ್ದರೆ, ತಿಂಗಳಿಂದ ತಿಂಗಳಿಗೆ ಒಂದೆರಡು ಹೊಸ ನುಡಿಗಳು ಕೂಡುತ್ತಿದ್ದರೆ, ಕಿವಿಯ ಪರೀಕ್ಷೆಯನ್ನು ಮಾಡಿಸಿದ ಮೇಲೆ ತಾಳ್ಮೆಯಿಂದಿರಬಹುದು. ಇಂತಹ ಮಕ್ಕಳಲ್ಲಿ ಬಹುಪಾಲು ಮುಂದೆ ಸರಿಗೂಡುವರು. ಕರೆದರೆ ತಿರುಗದ, ಹೇಳಿದ್ದು ತಿಳಿಯದ, ಅಥವಾ ಬಂದ ಮಾತನ್ನು ಕಳೆದುಕೊಂಡ ಮಗುವನ್ನು ಮಾತ್ರ ತಡಮಾಡದೆ ಬಲ್ಲವರಲ್ಲಿಗೆ ಕರೆದೊಯ್ಯಬೇಕು. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಿ ಕೊರಗುವುದರಲ್ಲಿ ಕಳೆಯುವ ಹೊತ್ತನ್ನು ತಮ್ಮ ಮಗುವಿನೊಡನೆ ಮಾತಾಡುವುದರಲ್ಲಿ ಕಳೆದರೆ ತಾಯಿತಂದೆಗಳಿಗೂ ನೆಮ್ಮದಿ, ಮಗುವಿಗೂ ಲಾಭ.