ಕುಂಡದ ಮಣ್ಣಿನ ಮೇಲಿನ ಹಸಿರು ಯಾವುದು?



ಮುಂಗಾರು ಹಿಡಿದು ನಾಲ್ಕಾರು ದಿನ ಕಳೆಯುವಷ್ಟರಲ್ಲಿ ದಾಸವಾಳದ ಬುಡ, ಹೂವಿನ ಪಾತಿ, ತುಳಸಿಕಟ್ಟೆಯ ಮಣ್ಣು ಹಸಿರೇರುತ್ತವೆ. ಬಹುತೇಕ ಮನೆಗಳಲ್ಲಿ ಅದಕ್ಕೆ ಪಾಚಿ ಎಂದು ಹೆಸರು. ಹಾವಸೆ ಎಂಬ ಮಾತೂ ಉಂಟು. ಮಕ್ಕಳು ಜಾರಿ ಬಿದ್ದಾರು ಎಂಬ ಭಯ, ಗಿಡಕ್ಕೆ ರೋಗ ಬಂತೇನೋ ಎಂಬ ಅನುಮಾನ, ಉಜ್ಜಿ ತೆಗೆಯಲು ಒಂದು ಪೊರಕೆ. ಅಲ್ಲಿಗೆ ಮಾತು ಮುಗಿಯುತ್ತದೆ. ಈ ವಿಚಾರ ಸಂಕಿರಣ ಆರಂಭವಾಗಬೇಕಾದದ್ದು ಸರಿಯಾಗಿ ಆ ಜಾಗದಿಂದ. ಪಾಚಿ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ದೂರದ ಸಂಬಂಧವಿರುವ ಹಲವು ಜೀವಿಗಳಿವೆ. ಯಾವುದೆಂದು ಗುರುತಿಸದೆ ಮದ್ದು ಹುಡುಕಿದರೆ ತೋಟಗಾರನಿಗೂ ನಷ್ಟ, ಮಣ್ಣಿಗೂ ನಷ್ಟ. ಈ ಸಂಕಿರಣದ ಆಶಯ ಇಷ್ಟೇ: ಮೊದಲು ಗುರುತು, ಆಮೇಲೆ ಉಪಚಾರ.

ಒಂದು ಕುಂಡವನ್ನು ಹತ್ತಿರದಿಂದ ನೋಡಬಹುದು. ಬೆರಳಿಟ್ಟರೆ ಹಸಿರು ಹಿಟ್ಟಿನಂತೆ ಅಂಟುವುದು ಕ್ಲೋರೆಲ್ಲಾ, ಕ್ಲೋರೊಕಾಕಮ್‌ನಂಥ ಏಕಕೋಶದ ಹಸಿರು ಪಾಚಿ ಇರಬಹುದು. ರೇಷ್ಮೆ ಎಳೆಗಳನ್ನು ಹಾಸಿದಂತೆ ಕಂಡರೆ ಕ್ಲೆಬ್‌ಸಾರ್ಮಿಡಿಯಮ್ ಆಗಿರುವ ಸಾಧ್ಯತೆ ಇದೆ. ಮಳೆ ಬಂದಾಗ ಲೋಳೆಯ ಮುದ್ದೆಯಾಗಿ ಉಬ್ಬಿ, ಬಿಸಿಲಿಗೆ ಕಪ್ಪು ಹಾಳೆಯಂತೆ ಒಣಗುವುದು ನಾಸ್ಟಾಕ್. ಅದು ನೀಲಿ-ಹಸಿರು ಪಾಚಿ ಎನಿಸಿಕೊಂಡರೂ ಕುಲದಿಂದ ಬ್ಯಾಕ್ಟೀರಿಯಾ. ಇನ್ನೊಂದು ಮಖಮಲ್ಲಿನಂಥ ಹಾಸು, ಕೆಲ ವಾರಗಳಲ್ಲಿ ಪುಟ್ಟ ಎಲೆಗಳ ಮೊಗ್ಗು ಹೊರಡಿಸುತ್ತದೆ. ಅದು ಪಾಚಿಯೇ ಅಲ್ಲ, ಮಾಸ್ ಸಸ್ಯದ ಎಳೆಯ ಹಂತ.

ಬರಿಗಣ್ಣಿಗೆ ಇವೆಲ್ಲ ಒಂದೇ. ಸೂಕ್ಷ್ಮದರ್ಶಕದಡಿ ಬೇರೆಯೇ ಲೋಕ. ಹಸಿರು ಪಾಚಿ ತನ್ನ ಆಹಾರವನ್ನು ಪಿಷ್ಟವಾಗಿ ಕೂಡಿಡುವುದರಿಂದ ಒಂದು ಹನಿ ಅಯೋಡಿನ್ ಬಿದ್ದರೆ ಕೋಶದೊಳಗೆ ಕಡುನೀಲಿ ಚುಕ್ಕೆಗಳು ಮೂಡುತ್ತವೆ; ನಾಸ್ಟಾಕ್‌ನಲ್ಲಿ ಆ ನೀಲಿ ಕಾಣದು. ಮಾಸ್‌ನ ಎಳೆಯಲ್ಲಿ ಕೋಶಗಳ ನಡುವಿನ ಅಡ್ಡಗೋಡೆ ಓರೆಯಾಗಿರುತ್ತದೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲೂ ಮಾಡಬಹುದಾದ ಪರೀಕ್ಷೆ ಇದು.

ಬಣ್ಣವನ್ನು ನಂಬಿ ಕೂರುವಂತೆಯೂ ಇಲ್ಲ. ಮಲೆನಾಡಿನ ಮರದ ಕಾಂಡ, ಹಳೆಯ ಗೋಡೆಗಳ ಮೇಲೆ ಕಿತ್ತಳೆ ಬಣ್ಣದ ಹುಡಿಯಂತೆ ಹಬ್ಬುವ ಟ್ರೆಂಟಿಪೋಲಿಯಾ ಕೂಡ ಹಸಿರು ಪಾಚಿಯ ಬಳಗವೇ. ಕೆರೋಟಿನಾಯ್ಡ್ ವರ್ಣಕಗಳು ಅದರ ಹಸಿರನ್ನು ಮುಚ್ಚಿರುತ್ತವೆ.

ಮಣ್ಣಿನ ಪಾಚಿಯ ಅಧ್ಯಯನಕ್ಕೆ ದೊಡ್ಡ ಪರಂಪರೆ ಇದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ದಶಕಗಳ ಕಾಲ ಶೀಷೆಗಳಲ್ಲಿ ಒಣಗಿದ್ದ ಮಣ್ಣಿನ ಮಾದರಿಗಳನ್ನು ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ ಪೋಷಕ ದ್ರಾವಣದಲ್ಲಿ ನೆನೆಸಿಟ್ಟರು. ಮಣ್ಣು ಮತ್ತೆ ಹಸಿರಾಯಿತು. ಆ ಫಲಿತಾಂಶವನ್ನು ಅವರು 1919ರಲ್ಲಿ ಪ್ರಕಟಿಸಿದರು.   

ದಕ್ಷಿಣ ಭಾರತದ ಒದ್ದೆ ಮಣ್ಣೂ ಈ ವಿಜ್ಞಾನಕ್ಕೆ ದೊಡ್ಡ ಕಾಣಿಕೆ ಕೊಟ್ಟಿದೆ. ಭಾರತೀಯ ಶೈವಲಶಾಸ್ತ್ರದ, ಅಂದರೆ ಪಾಚಿ ವಿಜ್ಞಾನದ, ಪಿತಾಮಹರೆನಿಸಿದ ಮದರಾಸಿನ ಎಂ.ಓ.ಪಿ. ಅಯ್ಯಂಗಾರ್ 1932ರಲ್ಲಿ ನೆಲದ ಮೇಲೆ ಬೆಳೆಯುವ ಹೊಸ ಹಸಿರು ಪಾಚಿಯೊಂದನ್ನು ವಿವರಿಸಿ, ಬ್ರಿಟಿಷ್ ಶೈವಲತಜ್ಞ ಫ್ರಿಚ್ ಅವರ ಗೌರವಾರ್ಥ ಫ್ರಿಚಿಯೆಲ್ಲಾ ಎಂದು ಹೆಸರಿಟ್ಟರು. ಮಣ್ಣಿನೊಳಗೆ ಗಡ್ಡೆಯಂಥ ಕೋಶಗಳ ಗೊಂಚಲು, ಕೆಳಗೆ ಬೇರಿನಂಥ ಎಳೆ, ಮೇಲೆ ನೆಟ್ಟಗೆ ನಿಂತ ಕವಲುಗಳು. ನೆಲಕ್ಕೆ ಒಗ್ಗಿಕೊಳ್ಳಲು ಪಾಚಿಯೊಂದು ಎಷ್ಟು ಸಿದ್ಧತೆ ಮಾಡಿಕೊಳ್ಳಬಲ್ಲದು ಎಂಬುದಕ್ಕೆ ಪಠ್ಯಪುಸ್ತಕಗಳು ಇಂದಿಗೂ ಅದನ್ನೇ ತೋರಿಸುತ್ತವೆ. ಅಂಥ ಸಿದ್ಧತೆಯ ಕುರುಹು ಬೇರೆ ಪಾಚಿಯಲ್ಲೂ ಇದೆ: 2014ರಲ್ಲಿ ಕ್ಲೆಬ್‌ಸಾರ್ಮಿಡಿಯಮ್‌ನ ಜೀನೋಮ್ ಓದಿದಾಗ, ನೆಲದ ಸಸ್ಯಗಳಿಗೆ ಮಾತ್ರ ಸೇರಿದವು ಎಂದುಕೊಂಡಿದ್ದ ಹಲವು ಜೀನುಗಳು ಅದರಲ್ಲೂ ಸಿಕ್ಕವು.

ರೈತನಿಗೆ ಇದರಿಂದ ಏನು ಎಂಬ ಪ್ರಶ್ನೆಗೂ ಉತ್ತರ ಹಳೆಯದೇ. ಭತ್ತದ ಗದ್ದೆಯಲ್ಲಿ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತದೆಂದು ವಿಜ್ಞಾನಿ ಪಿ.ಕೆ. ಡೇ 1939ರಲ್ಲಿ ತೋರಿಸಿದರು. ಬನಾರಸಿನ ಆರ್.ಎನ್. ಸಿಂಗ್ 1950ರಲ್ಲಿ ಅದೇ ಪಾಚಿಯಿಂದ ಉತ್ತರ ಭಾರತದ ಉಸರ್ ಎಂಬ ಚೌಳು ಭೂಮಿಯನ್ನು ಸುಧಾರಿಸುವ ದಾರಿ ಹೇಳಿದರು. ಹಸಿರು ಪಾಚಿಗೆ ಸಾರಜನಕ ಹಿಡಿಯುವ ಈ ಶಕ್ತಿ ಇಲ್ಲ. ಎರಡನ್ನೂ ಪಾಚಿ ಎಂದು ಒಂದೇ ಚೀಲಕ್ಕೆ ತುಂಬಿದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ.

ಮನೆಯ ತೋಟಕ್ಕೆ ಮರಳಿದರೆ, ಪಾಚಿ ಬೇರಿನೊಳಗೆ ಹೊಕ್ಕು ಗಿಡವನ್ನು ಹೀರುವುದಿಲ್ಲ. ಅದಕ್ಕೆ ಬೇಕಾದದ್ದು ಬೆಳಕು, ಸದಾ ಒದ್ದೆಯಾದ ಬರಿ ಮಣ್ಣು, ಮೇಲ್ಪದರದಲ್ಲೇ ಉಳಿದ ಗೊಬ್ಬರ. ಹೀಗಾಗಿ ಕುಂಡ ಹಸಿರಾದರೆ ತಳದ ತೂತು ಕಟ್ಟಿಕೊಂಡಿರಬಹುದು, ನೀರು ಅಗತ್ಯಕ್ಕಿಂತ ಹೆಚ್ಚಾಗುತ್ತಿರಬಹುದು. ನಿಜವಾದ ತೊಂದರೆ ಸಸಿಮಡಿಯಲ್ಲಿ. ಅಲ್ಲಿ ದಟ್ಟ ಪಾಚಿ ಒಣಗಿ ಹೆಕ್ಕಳಿಕೆ ಕಟ್ಟಿದರೆ ನೀರು ಒಳಗಿಳಿಯದು, ಸಣ್ಣ ಬೀಜದ ಮೊಳಕೆ ಮೇಲೆ ಬಾರದು. ಪಾಚಿಯನ್ನು ತಿನ್ನಲು ಬರುವ ಪುಟ್ಟ ನೊಣಗಳೂ ಹೆಚ್ಚುತ್ತವೆ. ಕೆಲವು ಜಾತಿಯ ಮರಿಹುಳುಗಳು ಎಳೆಯ ಬೇರಿಗೂ ಬಾಯಿ ಹಾಕುತ್ತವೆ.

ಪರಿಹಾರ ಕೈಯಳತೆಯಲ್ಲೇ ಇದೆ. ಕುರ್ಪಿಯಿಂದ ಮೇಲ್ಮಣ್ಣು ಸಡಿಲಿಸುವುದು, ಬೆಳಿಗ್ಗೆ ನೀರು ಹಾಕಿ ಸಂಜೆಯೊಳಗೆ ಮೇಲ್ಪದರ ಆರಲು ಬಿಡುವುದು, ತರಗೆಲೆ ಹೊದಿಸುವುದು, ಬಸಿಗಾಲುವೆ ಬಿಡಿಸುವುದು. ತಾಮ್ರದ ಲವಣವಾದ ಮೈಲುತುತ್ತದ ಮಾತು ಬಂದಾಗ ಎಚ್ಚರ ಬೇಕು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗಕ್ಕೆ ಮೈಲುತುತ್ತ ಬೆರೆತ ಬೋರ್ಡೋ ದ್ರಾವಣ ಬಳಕೆಗೆ ತಂದು ಬೆಳೆಗಾರರನ್ನು ಉಳಿಸಿದರು. ಅದು ಗೊನೆಯ ಮೇಲೆ ಹೊಡೆಯುವ, ರೋಗಕ್ಕೆಂದೇ ಇರುವ ಔಷಧಿ. ನೆಲದ ಪಾಚಿಗೆಂದು ತಾಮ್ರ ಸುರಿಯುವುದು ಬೇರೆ ಸಂಗತಿ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಅದು ಮೇಲ್ಮಣ್ಣಿನಲ್ಲಿ ಕೂಡುತ್ತಾ ಹೋಗಿ ಎರೆಹುಳುವಿಗೆ ಕುತ್ತಾಗುತ್ತದೆ.

ಸಂಕಿರಣದ ಗೋಷ್ಠಿಗಳ ಮುಂದೆ ಮೂರು ಕೆಲಸಗಳಿವೆ. ಕರಾವಳಿಯ ಜಂಬಿಟ್ಟಿಗೆ, ಬಯಲುಸೀಮೆಯ ಎರೆ ಮಣ್ಣು, ಬೆಂಗಳೂರಿನ ತಾರಸಿ ತೋಟದ ತೆಂಗಿನ ನಾರಿನ ಪುಡಿ ಇವುಗಳ ಮೇಲೆ ಯಾವ ಪಾಚಿ ಯಾವ ಕಾಲಕ್ಕೆ ಬರುತ್ತದೆಂದು ದಾಖಲಿಸುವುದು ಮೊದಲನೆಯದು. ನರ್ಸರಿಗಳಲ್ಲಿ ಯಾವುದು ಹಾನಿಕರ, ಯಾವುದನ್ನು ಬಿಡಬಹುದು ಎಂದು ಪ್ರಯೋಗದಿಂದ ತಿಳಿಯುವುದು ಎರಡನೆಯದು. ಕನ್ನಡದಲ್ಲಿ ಚಿತ್ರಗಳೊಂದಿಗೆ ಒಂದು ಗುರುತಿನ ಕೈಪಿಡಿ ತಯಾರಿಸುವುದು ಮೂರನೆಯದು.

ಪಕ್ಕದ ಕೋಣೆಯ ಮೇಜಿನ ಮೇಲೆ ಹಸಿರೇರಿದ ಕುಂಡಗಳು, ಸೂಕ್ಷ್ಮದರ್ಶಕಗಳು, ಅಯೋಡಿನ್ ಶೀಷೆಗಳು ಸಜ್ಜಾಗಿವೆ. ಮೊದಲ ಗೋಷ್ಠಿ ಅಲ್ಲಿ, ಆ ಮಣ್ಣಿನ ಒಂದು ಚಿಟಿಕೆಯಿಂದ ಆರಂಭವಾಗಲಿ.